ಐದು ಮರಿ, ಎರಡು ಬಣ್ಣದ ದಾರ

ಹೆಸರು: ಅಂದಪ್ಪ ತಂದೆ ಚನ್ನಬಸವಣ್ಣ ಮುಳಗುಂದ. ವಯಸ್ಸು: 63 ವರ್ಷ. ಉದ್ಯೋಗ: ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕ. ಸಾ: ಮಗ್ಗದ ಓಣಿ, ಬೆಟಗೇರಿ.

ಇಂದು ದಿನಾಂಕ 16-05-2025, ಶುಕ್ರವಾರ, ಮಧ್ಯಾಹ್ನ 12 ಗಂಟೆ 50 ನಿಮಿಷಕ್ಕೆ ನನ್ನ ಸ್ವಂತ ಕಾಲ ಮೇಲೆ ಠಾಣೆಗೆ ಬಂದು, ಹೆಡ್ ಕಾನ್‌ಸ್ಟೇಬಲ್ ನಾಗರತ್ನಾ ಅವರ ಎದುರಿಗೆ ಕುಳಿತು, ಯಾರ ಅಂಜಿಕೆಯೂ ಇಲ್ಲದೆ (ಹೆಂಡತಿ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಾಳೆ) ಬರೆಸುವುದು ಏನೆಂದರೆ:

ನಾನು ಕಳ್ಳ. ಇಂದು ಬೆಳಿಗ್ಗೆ 11 ಗಂಟೆ 16 ನಿಮಿಷಕ್ಕೆ ನಮ್ಮ ಓಣಿಯ ಗಾದಿಗೆ ಹತ್ತಿ ತುಂಬುವ ಬುಡ್ಡೇಸಾಬರ ಹಿತ್ತಲಿನಲ್ಲಿ, ಬೋರಲು ಹಾಕಿದ ಬುಟ್ಟಿಯ ಕೆಳಗಿನಿಂದ, ಜೀವಂತ ಕೋಳಿ ಒಂದನ್ನು ಕದ್ದಿದ್ದೇನೆ. ಬಣ್ಣ ಕಪ್ಪು, ಎದೆಯ ಮೇಲೆ ಹಳದಿ ಚುಕ್ಕೆ, ಎಡಗಾಲಿಗೆ ಕಪ್ಪು ದಾರ. ಕೃತ್ಯಕ್ಕೆ ಬಳಸಿದ ಸಾಧನ ನಮ್ಮ ಕಾಲೇಜಿನ ಬೆಳ್ಳಿಹಬ್ಬದಲ್ಲಿ ಕೊಟ್ಟ ಬಟ್ಟೆಯ ಚೀಲ. ಕೋಳಿ ಚೀಲಕ್ಕೆ ಹೋದ ಕ್ಷಣವೇ ನನ್ನ ಶೀಲ ಹೊರಗೆ ಬಿತ್ತು.

ಬುಡ್ಡೇಸಾಬರು ಕೊಟ್ಟ ದೂರಿನಲ್ಲಿ ನನ್ನನ್ನು ಪ್ರತ್ಯಕ್ಷ ಸಾಕ್ಷಿ ಎಂದು ಬರೆಸಿದ್ದಾರೆ. ಅದು ತಪ್ಪಲ್ಲ. ಈ ಕಳ್ಳತನವನ್ನು ನನ್ನಷ್ಟು ಹತ್ತಿರದಿಂದ ಬೇರೆ ಯಾರೂ ನೋಡಿಲ್ಲ.

ಮೇಲಿನ ಉದ್ಯೋಗದ ಕಾಲಂ ತುಂಬುವಾಗ ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯಲ್ಲಿದ್ದ ಉಡಚವ್ವ, "ಪ್ರಾಣಿ ಓದಿಸೋ ಮಾಸ್ತರು ಅಂತ ಬರಕೋ ತಂಗಿ," ಎಂದರು. ನಾಗರತ್ನಾ ಪೆನ್ನು ಎತ್ತಿ ಒಂದು ಸಲ ನನ್ನ ಮುಖ ನೋಡಿ, ಹಾಗೆಯೇ ಬರೆದುಕೊಂಡರು. ಇವರು ಹದಿನಾರು ವರ್ಷದ ಹಿಂದೆ ಪಿಯುಸಿ ವಿಜ್ಞಾನದಲ್ಲಿ ನನ್ನ ವಿದ್ಯಾರ್ಥಿನಿ. ಎರಡನೇ ಬೆಂಚು, ಕಿಟಕಿ ಕಡೆ.

ಇನ್ನು ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತೇನೆ.

ಉಡಚವ್ವ, ಗಂಡ ದಿವಂಗತ ಗಾಳೆಪ್ಪ, ವಯಸ್ಸು 67, ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯವರು. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎರಡು ಅಡಿಯ ಮೋಟು ಗೋಡೆ ಇದೆ. ನಲವತ್ತೆಂಟು ವರ್ಷದ ಹಿಂದೆ ಇವರು ಕುರ್ತಕೋಟಿಯಿಂದ ಗಂಡನ ಮನೆಗೆ ಬರುವಾಗ ತಾಯಿ ಉಡಿ ತುಂಬಿ, ಜೊತೆಗೆ ಬುಟ್ಟಿಯಲ್ಲಿ ಒಂದು ಹ್ಯಾಟಿಯನ್ನು ಇಟ್ಟು ಕಳಿಸಿದ್ದರಂತೆ. ನಮ್ಮ ಕಡೆ ಹೆಣ್ಣು ಕೋಳಿಗೆ ಹ್ಯಾಟಿ, ಗಂಡಿಗೆ ಹುಂಜ ಅನ್ನುತ್ತೇವೆ. ಆ ಹ್ಯಾಟಿಯ ಮರಿ, ಮರಿಯ ಮರಿ, ಹೀಗೆ ಅದೇ ತಳಿ ಈ ಹಿತ್ತಲಿನಲ್ಲಿ ಇವತ್ತಿನವರೆಗೆ ನಡೆದು ಬಂದಿದೆ. ತಾಯಿ ತೀರಿಕೊಂಡು ಇಪ್ಪತ್ತೆರಡು ವರ್ಷವಾಯಿತು. ತಾಯಿಯ ಫೋಟೋ ಒಂದೂ ಇಲ್ಲ. "ನಮ್ಮವ್ವನ ನೋಡಬೇಕಂದ್ರ ಹಿತ್ತಲ ಬಾಗಲಾ ತಗೀತೇನ್ರಿ," ಎಂದು ಅವರು ಒಮ್ಮೆ ನನ್ನ ಹೆಂಡತಿಯ ಮುಂದೆ ಹೇಳಿದ್ದನ್ನು ನಾನು ಗೋಡೆಯ ಈಚೆಯಿಂದ ಕೇಳಿದ್ದೇನೆ.

ಆ ಹಿತ್ತಲಿನಲ್ಲಿ ಒಂದೇ ಕಾಯ್ದೆ. ಹುಂಜವನ್ನು ಕೊಡಬಹುದು, ಕೊಯ್ಯಬಹುದು. ಹ್ಯಾಟಿಯನ್ನು ಮುಟ್ಟುವ ಹಾಗಿಲ್ಲ. ಗಂಡು ಅನ್ನಿಸಿಕೊಂಡರೆ ಸಾವು, ಹೆಣ್ಣು ಅನ್ನಿಸಿಕೊಂಡರೆ ಬದುಕು. ಮನುಷ್ಯರ ಮನೆಗಳಲ್ಲಿ ಈ ಕಾಯ್ದೆ ಎಷ್ಟು ಕಡೆ ಉಲ್ಟಾ ನಡೆದಿದೆ ಎಂಬುದನ್ನು ಠಾಣೆಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಈ ವರ್ಷ ಜನವರಿಯಲ್ಲಿ ಉಡಚವ್ವನ ತಗಡಿನ ಮೇಲೆ ಹಬ್ಬಿದ ಕುಂಬಳ ಬಳ್ಳಿಯಲ್ಲಿ ಹೂವು ಬಿಡುತ್ತಿತ್ತು, ಕಾಯಿ ಹಿಡಿಯುತ್ತಿರಲಿಲ್ಲ. ಯಾರದೋ ಕಣ್ಣು ಬಿದ್ದಿದೆ ಎಂದು ಅವರು ಹಳೆಯ ಚಪ್ಪಲಿ ಕಟ್ಟಿದ್ದರು. ನಾನು ಗೋಡೆ ಮೇಲಿಂದ ಬಗ್ಗಿ, ಉದುರಿದ್ದೆಲ್ಲ ಗಂಡು ಹೂವು, ಬುಡದಲ್ಲಿ ಪುಟ್ಟ ಗುಂಡು ಇರುವುದು ಹೆಣ್ಣು ಹೂವು ಎಂದು ತೋರಿಸಿದೆ. ಮರುದಿನ ಬೆಳಿಗ್ಗೆ 7 ಗಂಟೆಗೆ ಒಂದು ಗಂಡು ಹೂವು ಹರಿದು ಹೆಣ್ಣು ಹೂವುಗಳಿಗೆ ಮುಟ್ಟಿಸಿದೆ. ಫೆಬ್ರವರಿ ಮುಗಿಯುವುದರೊಳಗೆ ನಾಲ್ಕು ಕಾಯಿ ಜೋತುಬಿದ್ದವು. ಓಣಿಯಲ್ಲಿ ನನ್ನ ಹೆಸರು ಕುಂಬಳಕ್ಕಿಂತ ದಪ್ಪಗೆ ಬೆಳೆಯಿತು. ನಿವೃತ್ತನಾದ ಮೇಲೆ ಮೂರು ವರ್ಷ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಲು ವಿನಂತಿ.

ಫೆಬ್ರವರಿ 14ರಂದು ಉಡಚವ್ವನ ಹ್ಯಾಟಿ ಮರಿ ಮಾಡಿತು. ಆಗ ಆ ತಳಿಯಲ್ಲಿ ಉಳಿದದ್ದು ಅದೊಂದೇ ಹ್ಯಾಟಿ. ಮಾರ್ಚ್ 21ರಂದು ಅದನ್ನು ನಾಯಿ ಒಯ್ದಿತು. ಉಳಿದವು ಐದು ಮರಿ. ಮೂರು ದಿನ ಬಿಟ್ಟು ಉಡಚವ್ವನ ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣಿನದು ಏಪ್ರಿಲ್ 21ಕ್ಕೆ ಇತ್ತು. ಧೂಳಿನಲ್ಲಿ ಓಡಾಡಬಾರದು, ಬಗ್ಗಬಾರದು, ಕರಿ ಕನ್ನಡಕ ತೆಗೆಯಬಾರದು ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದ್ದರು. ಹಾಗಾಗಿ ಮರಿಗಳಿಗೆ ಜೋಳದ ನುಚ್ಚು, ನೀರು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ನಾನು ದೂರದಿಂದ ಎಸೆಯುತ್ತಿದ್ದೆ.

ಮಾರ್ಚ್ 29ರ ಸಂಜೆ ಉಡಚವ್ವ ಹಗ್ಗ ಹೆಣೆದ ಹೊರಸಿನ ಮೇಲೆ ಕುಳಿತು ನನ್ನನ್ನು ಕರೆದು, ಮರಿಗಳಲ್ಲಿ ಹ್ಯಾಟಿ ಯಾವುದು, ಹುಂಜ ಯಾವುದು ಅಂತ ಬೇರೆ ಮಾಡಿ ಕೊಡಬೇಕು, ತನ್ನ ಕಣ್ಣು ಈಗ ಬಾಡಿಗೆ ಕೊಟ್ಟಂಗಾಗಿದೆ ಎಂದರು. ಬುಡ್ಡೇಸಾಬರ ಮಗಳು ಸೀಮಾ ಚಿಕ್ಕವಳಿದ್ದಾಗ ಈ ಕೋಳಿಗಳ ಬೆನ್ನು ಹತ್ತಿಯೇ ಬೆಳೆದವಳು. ಅವಳು ಮದುವೆಯಾದ ಮೇಲೆ ಮೊದಲ ಸಲ ಗಂಡನ ಜೊತೆ ಮುಂಡರಗಿಯಿಂದ ಬರುವವಳಿದ್ದಾಳೆ, ಊಟಕ್ಕೆ ಎರಡು ಹುಂಜ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ ಎಂದರು.

ನಾನು ಹಿಂದೆ ಮುಂದೆ ನೋಡಿದೆ. ಅದಕ್ಕೆ ಅವರು, "ಹೂವಿನ್ಯಾಗ ಗಂಡು ಹೆಣ್ಣು ಕಂಡ ಕಣ್ಣಿಗೆ ಕೋಳ್ಯಾಗ ಕಾಣಂಗಿಲ್ಲೇನ್ರಿ? ಪ್ರಾಣಿ ಓದಿಸಿದವರು ನೀವು," ಎಂದರು.

ಇಲ್ಲ ಎಂದು ನಾನು ಹೇಳಲಿಲ್ಲ. "ಮೂವತ್ತೊಂದು ವರ್ಷ ಪಾಠ ಮಾಡಿದ ಕಣ್ಣಿದು ಉಡಚವ್ವ, ಇನ್ನೂ ಒಂದ್ಸಲಾನೂ ತಪ್ಪಿಲ್ಲ," ಎಂದೆ.

ಆಗ ನಮ್ಮ ಅಡಿಗೆಮನೆ ಕಿಟಕಿಯಿಂದ ನನ್ನ ಹೆಂಡತಿ ಸಾವಿತ್ರೆವ್ವ, "ಅಲ್ರೀ, ಏನ ಓದಿಸಿದ್ರಿ ಅನ್ನೂದರ ಆಕಿಗೆ ಸರಿಯಾಗಿ ಹೇಳ್ರಿ ಮದಲ," ಎಂದು ಕೂಗಿದಳು. ಅದೇ ಹೊತ್ತಿಗೆ ಕುಕ್ಕರ್ ಸೀಟಿ ಹೊಡೆದದ್ದರಿಂದ ನನಗೆ ಕೇಳಿಸಲಿಲ್ಲ ಎಂದು ಆಗ ನಿರ್ಧಾರ ಮಾಡಿದೆ.

ಮಾರ್ಚ್ 30, ಭಾನುವಾರ, ಯುಗಾದಿ. ಹೋಳಿಗೆ ಊಟವಾದ ಮೇಲೆ ಮಧ್ಯಾಹ್ನ 3 ಗಂಟೆಗೆ ಮೊಬೈಲಿನಲ್ಲಿ ಆರು ನಿಮಿಷದ ಒಂದು ವಿಡಿಯೊ ನೋಡಿದೆ. ತಯಾರಿಯಿಲ್ಲದೆ ಪಾಠಕ್ಕೆ ಹೋಗುವ ರೂಢಿ ನನಗಿಲ್ಲ. ಅದರಲ್ಲಿ ತೋರಿಸಿದ್ದು ಬಿಳಿಯ ಫಾರಂ ಕೋಳಿ. ಕೆಂಪಗೆ ಎದ್ದ ಜುಟ್ಟು, ದಪ್ಪ ಕಾಲು ಇದ್ದದ್ದು ಗಂಡು. ಬಿಳಿಚಿದ ಪುಟ್ಟ ಜುಟ್ಟು, ತೆಳ್ಳಗಿನ ಕಾಲು ಇದ್ದದ್ದು ಹೆಣ್ಣು. 4 ಗಂಟೆ 30 ನಿಮಿಷಕ್ಕೆ ಗೋಡೆ ದಾಟಿದೆ. ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಹಬ್ಬದ ದಿನ ಕೋಳಿ ಮುಟ್ಟಿ ಬಂದರೆ ತಲೆ ಮೇಲೆ ನೀರು ಹಾಕಿಕೊಂಡೇ ಒಳಗೆ ಬರಬೇಕು ಎಂದು ಸಾವಿತ್ರೆವ್ವ ಬಕೆಟ್ ತುಂಬಿ ಹಿತ್ತಲಿನಲ್ಲೇ ಇಟ್ಟಿದ್ದಳು.

ನಮ್ಮದು ನೇಕಾರರ ಓಣಿ, ದಾರಕ್ಕೆ ಬರವಿಲ್ಲ. ಎದುರು ಮನೆಯ ಮಗ್ಗದ ಬುಡದಿಂದ ಹಸಿರು ಮತ್ತು ಕಪ್ಪು ದಾರದ ತುಂಡು ಆರಿಸಿ ತಂದಿದ್ದೆ. ಹ್ಯಾಟಿಗೆ ಹಸಿರು, ಹುಂಜಕ್ಕೆ ಕಪ್ಪು ಎಂದು ಮಾತಾಯಿತು.

ಐದೂ ಮರಿಗಳ ಜುಟ್ಟು ನನಗೆ ಒಂದೇ ಸಮ ಕಂಡವು. ಕಾಲಿನ ದಪ್ಪ ಅಳೆಯಲು ಹೋದರೆ ಕಾಲೇ ನಿಲ್ಲುತ್ತಿರಲಿಲ್ಲ. ಹೊರಸಿನ ಮೇಲಿಂದ ಉಡಚವ್ವ, "ಕೈಯಾಗ ಹಿಡಿಯೂದ ಬ್ಯಾಡ್ರಿ. ಮ್ಯಾಲಿಂದ ಟವಲ್ ಬೀಸ್ರಿ. ಹದ್ದಿನ ನೆರಳು ಬಂತು ಅಂತ ಹ್ಯಾಟಿ ನೆಲಕ್ಕ ಅಂಟ್ಕೋತಾವ. ಹುಂಜ ಆದ್ರ ಕುತ್ತಿಗಿ ಎತ್ತಿ, ಯಾವನಲೇ ಅವ ಅಂತ ನಿಂದರತಾವ," ಎಂದರು. ಇದು ಶಾಸ್ತ್ರವಲ್ಲ, ಟವಲ್ ಬೀಸುವುದು ಬಸ್ಸಿನಲ್ಲಿ ಸೀಟು ಹಿಡಿಯುವ ವಿಧಾನ ಎಂದು ನಾನು ಉತ್ತರಿಸಿದೆ. ಅವರು ನಕ್ಕರು. ನನ್ನ ಮಾತಿನ ಮೇಲೆ ಅವರಿಗೆ ಅಷ್ಟು ನಂಬಿಕೆ ಇತ್ತು.

ಕೊನೆಗೆ ನಾನು ಸ್ವಭಾವ ನೋಡಿ ತೀರ್ಮಾನ ಮಾಡಿದೆ. ಮೂರು ಮರಿಗಳು ಅಂಗೈಯಲ್ಲಿ ಕಣ್ಣು ಮುಚ್ಚಿ ಸುಮ್ಮನೆ ಕುಳಿತವು. ಅವಕ್ಕೆ ಹಸಿರು ದಾರ. ಒಂದು ಮರಿ ಬಿಟ್ಟರೆ ಸಾಕೆಂದು ಒದ್ದಾಡಿತು. ಅದಕ್ಕೆ ಕಪ್ಪು. ಇನ್ನೊಂದು ನನ್ನ ಬಲಗೈ ಹೆಬ್ಬೆರಳನ್ನು ಎರಡು ಸಲ ಕುಕ್ಕಿತು. ಅದಕ್ಕೆ ಕಪ್ಪು, ಎರಡು ಗಂಟು. ಸುಮ್ಮನಿರುವುದು ಹೆಣ್ಣು, ಕುಕ್ಕುವುದು ಗಂಡು ಎಂದು ನನಗೆ ಯಾರು ಕಲಿಸಿದರೋ ಗೊತ್ತಿಲ್ಲ. ಮನೆಯಲ್ಲಿ ಮೂವತ್ತಾರು ವರ್ಷದಿಂದ ನಾನು ಕಂಡದ್ದು ಇದರ ಉಲ್ಟಾ. ಆದರೂ ಹಾಗೆ ಮಾಡಿದೆ. ಕೆಲಸ 25 ನಿಮಿಷದಲ್ಲಿ ಮುಗಿಯಿತು. ದಾರ ಕಟ್ಟಿ ದಾರಿ ತಪ್ಪಿಸಿದ್ದು ಅಲ್ಲಿಯೇ.

"ಮೂರು ಹ್ಯಾಟಿ! ನಮ್ಮವ್ವ ಮೂರು ಪಾಲು ಉಳದ್ಲು ಬಿಡ್ರಿ," ಎಂದು ಉಡಚವ್ವ ಹೊರಸಿನ ಮೇಲೆ ಕುಳಿತಲ್ಲೇ ಎರಡೂ ಕೈ ಮುಗಿದರು. ಕರಿ ಕನ್ನಡಕ ಇದ್ದದ್ದರಿಂದ ಕೈ ಮುಗಿದದ್ದು ನನಗೋ, ಮರಿಗಳಿಗೋ, ಹಿಂದಿನ ಗೋಡೆಗೋ ತಿಳಿಯಲಿಲ್ಲ.

ಮೇ 10, ಶನಿವಾರ ಸಂಜೆ 5 ಗಂಟೆಗೆ ಬುಡ್ಡೇಸಾಬರು ಬಂದು ಕಪ್ಪು ದಾರದ ಎರಡನ್ನೂ ಒಯ್ದರು. ಇವು ನಿಜವಾಗಿ ಹುಂಜವೇನು, ಜುಟ್ಟು ಇನ್ನೂ ಸಣ್ಣದಿದೆಯಲ್ಲ ಎಂದು ಒಮ್ಮೆ ಕೇಳಿದರು. ಸರ್ ಆರಿಸಿದ್ದು ಎಂದು ಉಡಚವ್ವ ಹೇಳಿದ ಮೇಲೆ, "ಹಂಗಾರ ಮುಗೀತು ಬಿಡ್ರಿ. ನನಗ ಹತ್ತಿ ತಿಳೀತೈತಿ, ಕೋಳಿ ತಿಳಿಯಂಗಿಲ್ಲ," ಎಂದು ಬುಟ್ಟಿಗೆ ಹಾಕಿಕೊಂಡರು.

ಮೇ 11, ಭಾನುವಾರ ಬೆಳಿಗ್ಗೆ 6 ಗಂಟೆ 10 ನಿಮಿಷ. ಹಸಿರು ದಾರದ ಒಂದು ಹ್ಯಾಟಿ ಮೋಟು ಗೋಡೆ ಹತ್ತಿ, ಕುತ್ತಿಗೆ ಚಾಚಿ, ಒಡಕು ದನಿಯಲ್ಲಿ ಅರ್ಧ ಕೂಗಿತು. ಮಗ್ಗಕ್ಕೆ ಎಣ್ಣೆ ಇಲ್ಲದಾಗ ಬರುವಂಥ ಸಪ್ಪಳ. ಒಳಗಿನಿಂದ ಉಡಚವ್ವ ಅದೇನು ಎಂದು ಕೇಳಿದರು. ಅಪರೂಪಕ್ಕೆ ಹ್ಯಾಟಿಯೂ ಕೂಗುವುದುಂಟು, ಪುಸ್ತಕದಲ್ಲಿದೆ ಎಂದು ನಾನು ಹೇಳಿದೆ. ಇದು ಸುಳ್ಳಲ್ಲ. ಆದರೆ ಹೇಳಿದ್ದು ಖರೆ ಹೇಳುವ ಉದ್ದೇಶದಿಂದಲೂ ಅಲ್ಲ.

ಮೇ 13, ಮಂಗಳವಾರ, 6 ಗಂಟೆಗೆ ಎರಡನೆಯದು ಕೂಗಿತು. ಅದು ಆಚೆ ಓಣಿಯ ಹುಂಜ ಎಂದೆ. "ಆಚಿ ಓಣೀದು ನಮ್ಮ ಗೋಡಿ ಮ್ಯಾಲ ಬಂದು ಒದರಾಕ ಹತ್ತೇತೇನ್ರಿ?" ಎಂದು ಉಡಚವ್ವ ಕೇಳಿದರು. ನಾನು ನುಚ್ಚಿನ ಡಬ್ಬಿ ಮುಚ್ಚಿ ಮನೆಯೊಳಗೆ ಹೋದೆ. ಆ ದಿನ ಸಾವಿತ್ರೆವ್ವ ಚಹಾ ಕೊಡುವಾಗ, ಪುಕ್ಕ ನೋಡಲು ಹೋದ ಗಂಡಸು ಪುಕ್ಕಲನಾಗಿ ಬಂದನೆಂದು ಗೋಡೆಗೆ ಹೇಳಿದಳು. ಮನೆಯಲ್ಲಿ ಶ್ಲೇಷೆ ಮಾಡುವ ಹಕ್ಕು ನನ್ನದೊಬ್ಬನದೇ ಎಂದು ತಿಳಿದಿದ್ದೆ.

ಮೇ 15, ಗುರುವಾರ, ಮೂರನೆಯದೂ ಕೂಗಿತು. ಇದು ಪೂರ್ಣ ಕೂಗು, ಅನುಮಾನಕ್ಕೆ ಜಾಗವಿಲ್ಲ. ಉಡಚವ್ವ ಏನೂ ಕೇಳಲಿಲ್ಲ. ಕೇಳದೇ ಇದ್ದದ್ದು ನನಗೆ ಆ ಇಡೀ ದಿನ ಕೇಳಿಸುತ್ತಿತ್ತು.

ಇಂದು ಶುಕ್ರವಾರ ಬೆಳಿಗ್ಗೆ 9 ಗಂಟೆಗೆ ನುಚ್ಚು ಹಾಕಲು ಹೋದಾಗ ಅವರು ಹಿತ್ತಲ ಬಾಗಿಲಿನಲ್ಲಿ ಕುಳಿತಿದ್ದರು. ಕರಿ ಕನ್ನಡಕ ತೊಡೆಯ ಮೇಲಿತ್ತು. ದವಾಖಾನೆಯವರು ಇನ್ನೂ ಐದು ದಿನ ತೆಗೆಯಬೇಡಿ ಎಂದಿದ್ದರೆಂದು ನಾನು ನೆನಪಿಸಿದೆ. ಅವರು ಮೆಲ್ಲಗೆ, "ಸರ್ರ, ನಮ್ಮವ್ವನ ಕೋಳಿ ಮುಗದ್ವಲ್ರಿ," ಎಂದರು. ಸಿಟ್ಟಿರಲಿಲ್ಲ. ಆಮೇಲೆ, ನಿಮ್ಮ ತಪ್ಪೇನಿಲ್ಲ, ಐದರಾಗ ಹ್ಯಾಟಿನ ಹುಟ್ಟಿರಾಕಿಲ್ಲ, ಓದಿದವರು ಇಲ್ಲದ್ದನ್ನ ಎಲ್ಲಿಂದ ತರ್ತೀರಿ ಎಂದು ನನ್ನನ್ನೇ ಸಮಾಧಾನ ಮಾಡಿದರು. ಬೈದಿದ್ದರೆ ನಾನು ಮನೆಗೆ ಹೋಗಿ ಪೇಪರ್ ಓದುತ್ತಿದ್ದೆ, ಈ ಹೇಳಿಕೆಯೂ ಇರುತ್ತಿರಲಿಲ್ಲ.

ಮನೆಗೆ ಬಂದು ಯೋಚನೆ ಮಾಡಿದೆ. ಹೆಣ್ಣು ಎಂದ ಮೂರೂ ಗಂಡಾಗಿದ್ದರೆ, ಗಂಡು ಎಂದ ಎರಡೂ ಹೆಣ್ಣಾಗಿರಬೇಕು. ತಪ್ಪಿನಲ್ಲಿಯೂ ಒಂದು ಶಿಸ್ತು ಇರುತ್ತದೆ ಎಂಬುದು ಉತ್ತರಪತ್ರಿಕೆ ತಿದ್ದಿದ ಅನುಭವ. ಅಂದರೆ ಆ ತಾಯಿಯ ಕೋಳಿ ಇನ್ನೂ ಮುಗಿದಿಲ್ಲ, ಬುಡ್ಡೇಸಾಬರ ಬುಟ್ಟಿಯ ಕೆಳಗಿದೆ. ಅಷ್ಟರಲ್ಲಿ 10 ಗಂಟೆ 40 ನಿಮಿಷಕ್ಕೆ ಸಾವಿತ್ರೆವ್ವ ಹಾಲು ತಂದು, ಸೀಮಾ ಮತ್ತು ಅಳಿಯ ಮುಂಡರಗಿ ಬಸ್ಸು ಹತ್ತಿದ್ದಾರಂತೆ, ನಮಾಜು ಮುಗಿಸಿ ಬಂದು ಎರಡು ಗಂಟೆಗೆ ಊಟವಂತೆ, ಬುಡ್ಡೇಸಾಬ ಚಾಕು ಮಸೆಯುತ್ತಿದ್ದಾನೆ ಎಂದು ಖಬರು ಹೇಳಿದಳು.

ಚೀಲ ತೆಗೆದುಕೊಂಡು ಹೊರಟೆ. ನಮ್ಮ ಮನೆಯಿಂದ ಬುಡ್ಡೇಸಾಬರ ಮನೆಗೆ 212 ಹೆಜ್ಜೆ. ಹೇಳಬೇಕಾದ ಮಾತನ್ನು 212 ಸಲ ತಿದ್ದಿದೆ. "ಬುಡ್ಡೇಸಾಬರ, ನಾನು ತಪ್ಪಿದೆ." ಇಷ್ಟೇ ಮಾತು. ಇದರಲ್ಲಿ ಕಷ್ಟದ ಶಬ್ದ ಒಂದೂ ಇಲ್ಲ.

11 ಗಂಟೆ 05 ನಿಮಿಷಕ್ಕೆ ತಲುಪಿದೆ. ಬುಡ್ಡೇಸಾಬರು ಗಾದಿಯ ಹತ್ತಿಯನ್ನು ಮೈಮೇಲಿಂದ ಕೊಡವಿ, "ಬರ್ರಿ ಸರ್, ಕುಂಡ್ರಿ. ನೀವು ಆರಿಸಿದ ಹುಂಜ ಅಂತ ಅಳಿಯಾಗ ಫೋನಿನ್ಯಾಗ ಹೇಳಾಕ ಹತ್ತಿದ್ದೆ. ನಮ್ಮ ಓಣ್ಯಾಗ ಕೋಳಿಗೂ ಪ್ರೊಫೆಸರ್ ಅದಾರ ಅಂದೆ," ಎಂದರು. ಹಿತ್ತಲಿಗೆ ಕರೆದೊಯ್ದು ಹೊಸ ಗಾದಿಯ ಮೇಲೆ ಕೂರಿಸಿದರು. ಅದು ಬಹಳ ಮೆತ್ತಗಿತ್ತು. ಮೆತ್ತಗಿನ ಜಾಗದಲ್ಲಿ ಕುಳಿತು ಗಟ್ಟಿ ಮಾತು ಆಡಲಾಗಲಿಲ್ಲ. ಅವರು ಚಹಾ ತರಲು ಒಳಗೆ ಹೋದರು. ಸಮಯ 11 ಗಂಟೆ 15.

ಬುಟ್ಟಿ ನನ್ನಿಂದ ಏಳು ಅಡಿ ದೂರವಿತ್ತು. ಎತ್ತಿದೆ. ಎರಡೂ ಕೋಳಿ ನನ್ನನ್ನು ನೋಡಿದವು. ಎರಡು ಗಂಟಿನದು ಗುರುತು ಹಿಡಿಯಿತೋ ಏನೋ, ಅದೇ ಹೆಬ್ಬೆರಳನ್ನು ಕುಕ್ಕಿ, ಹಾರಿ, ಹತ್ತಿಯ ಮೂಟೆಯ ಹಿಂದೆ ಹೋಯಿತು. ಇನ್ನೊಂದು ಸುಮ್ಮನೆ ನಿಂತಿತ್ತು. ಎರಡನ್ನೂ ಹಿಡಿಯುವಷ್ಟು ಸಮಯ ಇರಲಿಲ್ಲ, ಒಂದಾದರೂ ಖಾತ್ರಿ ಹ್ಯಾಟಿ ಇರಲಿ ಎಂದು ಸುಮ್ಮನಿದ್ದುದನ್ನು ಚೀಲಕ್ಕೆ ಹಾಕಿದೆ. ಅದೇ ಸ್ವಭಾವ ಪರೀಕ್ಷೆ, ಎರಡನೇ ಸಲ. ಮೂವತ್ತೊಂದು ವರ್ಷ ಮಕ್ಕಳಿಗೆ, ಒಮ್ಮೆ ಮಾಡಿದ ತಪ್ಪು ಮತ್ತೆ ಮಾಡಬೇಡಿ ಎಂದವನು ನಾನು. ಹಿತ್ತಲ ಬಾಗಿಲಿನಿಂದ ಹೊರಬಿದ್ದೆ. ವಾಪಸು ಬರುವಾಗ ಹೆಜ್ಜೆ ಎಣಿಸಿಲ್ಲ.

11 ಗಂಟೆ 24 ನಿಮಿಷಕ್ಕೆ ಉಡಚವ್ವನ ಉಡಿಯಲ್ಲಿ ಕೋಳಿಯನ್ನು ಇಟ್ಟು, ತಗೋ, ನಿಮ್ಮವ್ವನ ಹ್ಯಾಟಿ ಎಂದೆ. ಅವರು ಎರಡೂ ಕೈಯಿಂದ ಅದರ ಬೆನ್ನು ಸವರಿ, ಬುಡ್ಡೇಸಾಬ ಕೊಟ್ಟನೇನ್ರಿ ಎಂದು ಕೇಳಿದರು. ಕೊಟ್ಟಂಗ ಎಂದೆ. ಅವರು ಮತ್ತೊಮ್ಮೆ ಬೆನ್ನು ಸವರಿದರು.

ಇತ್ತ ಬುಡ್ಡೇಸಾಬರು ಎರಡು ಕಪ್ ಚಹಾ ಹಿಡಿದು ಹೊರಗೆ ಬಂದು ನೋಡಿದರೆ ಬುಟ್ಟಿ ಬಿದ್ದಿದೆ, ಒಂದು ಕೋಳಿ ಇಲ್ಲ, ಸರ್ ಇಲ್ಲ, ಹಿತ್ತಲ ಬಾಗಿಲು ತೆರೆದಿದೆ. ಕಳ್ಳ ಬಂದ, ಅವನ ಬೆನ್ನು ಹತ್ತಿ ಸರ್ ಓಡಿದರು ಎಂದು ಅವರು ತಿಳಿದರು. ನಾನು ಕದ್ದಿರಬಹುದೆಂಬ ವಿಚಾರ ಅವರ ತಲೆಯಲ್ಲಿ ಸುಳಿಯಲೇ ಇಲ್ಲ ಎಂಬುದನ್ನು ನಾನು ನನ್ನ ಮೇಲಿನ ಅತಿ ದೊಡ್ಡ ಆರೋಪ ಎಂದು ಭಾವಿಸುತ್ತೇನೆ. ಕಳ್ಳ ಮತ್ತೆ ಬಂದಾನೆಂದು ಉಳಿದ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಅವರು ಠಾಣೆಗೆ ಓಡಿದ್ದಾರೆ. ದೂರಿನ ಮೊದಲ ವಾಕ್ಯ, ಕೋಳಿ ಹೋದರೆ ಹೋಗಲಿ, ನಮ್ಮ ಸರ್‌ಗೆ ಬಿಪಿ ಇದೆ, ಜಲ್ದಿ ಹುಡುಕಿ ಕೊಡಿ ಎಂದು ಇದೆ. ನಾನು ಇಂದು ಓದಿ ನೋಡಿದೆ.

12 ಗಂಟೆ 02 ನಿಮಿಷಕ್ಕೆ ನಾಗರತ್ನಾ ಸ್ಕೂಟಿ ಮೇಲೆ, ಹಿಂದೆ ಬುಡ್ಡೇಸಾಬರು, ಅವರ ಕಂಕುಳಲ್ಲಿ ಕೋಳಿ, ಹೀಗೆ ಮೂವರೂ ನನ್ನನ್ನು ಹುಡುಕುತ್ತ ಉಡಚವ್ವನ ಹಿತ್ತಲಿಗೆ ಬಂದರು. ಬುಡ್ಡೇಸಾಬರು ನನ್ನ ಭುಜ ಹಿಡಿದು, "ಏನೂ ಆಗಿಲ್ಲಲ್ರಿ ಸರ್? ಹೊಡದಿಲ್ಲಲ್ರಿ ಅವ? ಕೋಳಿನೂ ಬಿಡಿಸ್ಕೊಂಡು ಬಂದೀರಲ್ರಿ! ಈ ವಯಸ್ಸಿನ್ಯಾಗ!" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ಕಳ್ಳ ಹೇಗಿದ್ದ ಎಂದು ನಾಗರತ್ನಾ ಪುಸ್ತಕ ತೆರೆದು ಕೇಳಿದರು. ನಾನು ಹೇಳಿದೆ, ಅವರು ಬರೆದರು. ವಯಸ್ಸು ಅರವತ್ತರ ಮೇಲೆ. ಎತ್ತರ ಐದಡಿ ನಾಲ್ಕು ಇಂಚು. ತಲೆ ಬೋಳು. ಕನ್ನಡಕ. ಬಲಗೈ ಹೆಬ್ಬೆರಳಿಗೆ ಹೊಸ ಗಾಯ. ಕೈಯಲ್ಲಿ ಕಾಲೇಜಿನ ಬೆಳ್ಳಿಹಬ್ಬದ ಚೀಲ. ಚೀಲ ಎಂದು ಬರೆಯುವಾಗ ಅವರ ಪೆನ್ನು ನಿಂತಿತು. ನನ್ನ ಹೆಗಲಿಗೆ ಜೋತುಬಿದ್ದ ಚೀಲ ನೋಡಿದರು. "ಸರ್?" ಎಂದರು.

ನಾನೇ ಎಂದೆ. ಹಸಿರು ದಾರದ ಮೂರೂ ಹುಂಜ, ಭಾನುವಾರದಿಂದ ಒಂದೊಂದಾಗಿ ಕೂಗಿವೆ, ಕಪ್ಪು ದಾರದವು ಹ್ಯಾಟಿ, ಕೊಯ್ದುಬಿಟ್ಟರೆ ಉಡಚವ್ವನ ತವರಿನ ಕೋಳಿ ಮುಗಿಯುತ್ತದೆ, ಹೇಳಲು ಹೋದವನಿಗೆ ಬಾಯಿ ಬರಲಿಲ್ಲ, ಕೈ ಮುಂದೆ ಬಂತು ಎಂದೆ.

ಬುಡ್ಡೇಸಾಬರು ನನ್ನ ಭುಜದ ಮೇಲಿನ ಕೈ ತೆಗೆದರು. ಆಮೇಲೆ, "ಕೇಳಿದ್ರ ಕೊಡ್ತಿದ್ದಿಲ್ಲೇನ್ರಿ ಸರ್, ನಾನು?" ಎಂದರು.

ಉಡಚವ್ವ ಎದ್ದು ನಿಂತರು. ಎರಡೂ ಕೋಳಿಯನ್ನು ನೆಲಕ್ಕೆ ಬಿಡಿಸಿ, ಬುಡ್ಡೇಸಾಬರ ಹೆಗಲ ಮೇಲಿನ ಟವಲ್ ಎಳೆದುಕೊಂಡು, ತಲೆಯ ಮೇಲಿಂದ ಒಮ್ಮೆ ಬೀಸಿದರು. ಟವಲ್ಲಿನ ನೆರಳು ಹಿತ್ತಲ ನೆಲದ ಮೇಲೆ ಹಾದು ಹೋಯಿತು. ನಾನು ಕದ್ದು ತಂದ ಕೋಳಿ ಕುತ್ತಿಗೆ ಎತ್ತಿ, ಎದೆ ಉಬ್ಬಿಸಿ, ಯಾವನಲೇ ಅವ ಎಂದು ನಿಂತಿತು. ಬುಡ್ಡೇಸಾಬರ ಕಂಕುಳಿಂದ ಇಳಿದ, ಎರಡು ಸಲ ನನ್ನನ್ನು ಕುಕ್ಕಿದ, ಎರಡು ಗಂಟಿನ ಕೋಳಿ ಸದ್ದಿಲ್ಲದೆ ನೆಲಕ್ಕೆ ಅಂಟಿಕೊಂಡಿತು.

ಉಡಚವ್ವ, "ಬೆನ್ನಿನ ಪುಕ್ಕ ನೋಡು ತಂಗಿ. ಹುಂಜದ್ದು ತುದಿ ಚೂಪ ಇರತೈತಿ, ಹ್ಯಾಟೀದು ದುಂಡಗ," ಎಂದರು. ನಾಗರತ್ನಾ ಬಗ್ಗಿ ನೋಡಿ, ನಾನು ತಂದದ್ದು ಚೂಪು, ಇನ್ನೊಂದು ದುಂಡಗೆ ಎಂದು ಖಚಿತಪಡಿಸಿದರು. ಅಂದರೆ ಐದರಲ್ಲಿ ನಾನು ಸರಿಯಾಗಿ ಹೇಳಿದ್ದು ಒಂದನ್ನು. ಆ ಒಂದನ್ನೇ ತಪ್ಪೆಂದು ತಿಳಿದು ಕದ್ದೆ. ಉಳಿಸಬೇಕಾಗಿದ್ದನ್ನು ಚಾಕುವಿನ ಪಕ್ಕದಲ್ಲಿ ಬಿಟ್ಟು ಬಂದೆ. ಅದನ್ನು ಉಳಿಸಿದವರು ಬುಡ್ಡೇಸಾಬರು, ಅದೂ ನನ್ನ ಚಿಂತೆಯಲ್ಲಿ.

ಬುಡ್ಡೇಸಾಬರು ಆ ಹ್ಯಾಟಿಯನ್ನು ಎತ್ತಿ ಉಡಚವ್ವನ ಉಡಿಗೆ ಹಾಕಿದರು. "ಇದು ಇಲ್ಲೇ ಇರಲಿ, ಯಕ್ಕಾ. ಬದಲಿಗೆ ಭಾನುವಾರ ಒದರಿದ್ದನ್ನ ಕೊಡು. ತನ್ನ ಬಾಯಿಲೇ ತಾನು ಹುಂಜ ಅಂತ ಹೇಳೇತಿ, ಅದಕ್ಕ ಪ್ರೊಫೆಸರ್ ಬೇಕಾಗಿಲ್ಲ," ಎಂದರು. ಉಡಚವ್ವ ಹಲ್ಲಿನಿಂದ ಕಪ್ಪು ದಾರ ಕಡಿದು ತೆಗೆದರು. ಒಂದು ಗಂಟು ಸಡಿಲಾಯಿತು, ಎರಡನೆಯದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಎದುರು ಮನೆಯ ಮಗ್ಗ ಹೊಡೆದುಕೊಳ್ಳುತ್ತಿತ್ತು.

ದೂರು ಬೇಡ ಎಂದು ಬುಡ್ಡೇಸಾಬರು ಹೇಳಿದರು. ಪುಸ್ತಕದಲ್ಲಿ ಬರೆದಾಗಿದೆ, ಹಾಗೇ ಬಿಡಲು ಬರುವುದಿಲ್ಲ, ಸರ್ ಒಂದು ಹೇಳಿಕೆ ಕೊಡಬೇಕು, ಅದರಲ್ಲಿ ಇರುವುದೆಲ್ಲ ಖರೆ ಇರಬೇಕು ಎಂದು ನಾಗರತ್ನಾ ಹೇಳಿದರು. ಖರೆ ಎಂಬ ಶಬ್ದವನ್ನು ಅವರು ಎರಡು ಸಲ ಹೇಳಿದ್ದು ನಾನು ಗಮನಿಸಿದ್ದೇನೆ. ಹೀಗಾಗಿ ಇಲ್ಲಿಗೆ ಬಂದೆವು.

ಇಷ್ಟು ಬರೆಸಿ ಮುಗಿಸುವಾಗ ಪಕ್ಕದಲ್ಲಿದ್ದ ಉಡಚವ್ವ ನನ್ನ ಮೊಣಕೈ ಮುಟ್ಟಿ, "ಮನಸಿಗೆ ಹಚ್ಕೋಬ್ಯಾಡ್ರಿ ಸರ್ರ. ಈ ಸಲ ಮರಿಗೋಳ ನಿಮಗ ಮೋಸ ಮಾಡ್ಯಾವ. ದೀಪಾವಳಿ ಹೊತ್ತಿಗೆ ಈಕಿ ಮರಿ ಮಾಡ್ತಾಳ, ಆಗೂ ನೀವ ಬಂದು ನೋಡ್ಬೇಕು ಮತ್ತ. ಎಷ್ಟಂದ್ರೂ ಪ್ರಾಣಿ ಓದಿದವರು," ಎಂದರು.

ನಾಗರತ್ನಾ ಪೆನ್ನು ಕೆಳಗಿಟ್ಟು, "ಸರ್, ಮದಲನೇ ಸಾಲು ಹಂಗ ಬಿಡ್ಲೇನ್ರಿ?" ಎಂದು ಕೇಳಿದರು.

ಕೆಳಗಿನದನ್ನು ನಾನೇ ಹೇಳಿ ಸೇರಿಸುತ್ತಿದ್ದೇನೆ. ಮೂವತ್ತೊಂದು ವರ್ಷ ನಾನು ಕಲಿಸಿದ್ದು ಸಸ್ಯಶಾಸ್ತ್ರ. ಪ್ರಾಣಿಶಾಸ್ತ್ರದ ಕೋಣೆ ನಮ್ಮ ಕೋಣೆಯ ಎದುರಿಗೆ, ಹದಿನೆಂಟು ಅಡಿ ದೂರದಲ್ಲಿತ್ತು. ಅದರೊಳಗೆ ಹೋದದ್ದು ಎರಡೇ ಸಲ, ಎರಡೂ ಸಲ ಸೀಮೆಸುಣ್ಣ ಕೇಳಲು. ಕಪಾಟಿನಲ್ಲಿ ಬಾಟಲಿಯೊಳಗಿನ ಕಪ್ಪೆ ನೋಡಿ ಎರಡನೇ ಸಲ ಕೇಳದೆಯೇ ವಾಪಸು ಬಂದಿದ್ದೆ. ಕೋಳಿಯನ್ನು ಜನ್ಮದಲ್ಲಿ ಮೊದಲ ಬಾರಿ ಕೈಯಲ್ಲಿ ಹಿಡಿದದ್ದು ಯುಗಾದಿಯ ದಿನ ಸಂಜೆ 4 ಗಂಟೆ 35 ನಿಮಿಷಕ್ಕೆ. ಹಿಡಿದದ್ದು ತಲೆ ಕೆಳಗಾಗಿ.

ಇದನ್ನು ಓದಿ ಹೇಳಿದಾಗ ಉಡಚವ್ವ, "ಹಂಗಾರ ಕುಂಬಳಕಾಯಿ?" ಎಂದು ಕೇಳಿದರು. ಅದೊಂದು ಖರೆ ಎಂದೆ.

ಮೇಲಿನದೆಲ್ಲ ನಾನು ಆಡಿದಂತೆಯೇ ಬರೆದಿದೆ, ಓದಿಸಿ ಕೇಳಿದ್ದೇನೆ. ಮೊದಲ ಸಾಲಿನ ಒಂದು ಶಬ್ದ ಬಿಟ್ಟು ಉಳಿದದ್ದು ಸತ್ಯ. ಆ ಶಬ್ದದ ಮೇಲೆ ನನ್ನ ಕೈಯಿಂದಲೇ ಗೀಟು ಎಳೆದಿದ್ದೇನೆ.

ಸ್ಥಳ: ಬೆಟಗೇರಿ
ದಿನಾಂಕ: 16-05-2025, ಮಧ್ಯಾಹ್ನ 1 ಗಂಟೆ 45 ನಿಮಿಷ

ಸಹಿ: ಅಂ. ಚ. ಮುಳಗುಂದ
(ಬಲಗೈ ಹೆಬ್ಬೆರಳಿಗೆ ಗಾಯವಾದ್ದರಿಂದ ಸಹಿ ಸೊಟ್ಟಗಾಗಿದೆ)
ನಿವೃತ್ತ ಉಪನ್ಯಾಸಕ, ಸಸ್ಯಶಾಸ್ತ್ರ